ಎರಡನೇ ಹಾಸಿಗೆಯ ರೋಗಿ

ಫೆಬ್ರವರಿ 3, ಸೋಮವಾರ

ಅಮ್ಮನ ಮರೆವು ಎಷ್ಟಿದೆ, ಹೇಗಿದೆ ಎಂದು ದಿನಾ ಎರಡು ಸಾಲು ಬರೆದಿಡಿ, ಮುಂದಿನ ತಿಂಗಳು ಬರುವಾಗ ತನ್ನಿ ಎಂದು ಡಾಕ್ಟರು ಹೇಳಿದ್ದಕ್ಕೆ ಈ ಪುಸ್ತಕ ತಂದೆ. ಎರಡು ಸಾಲು ಬರೆದು ಸುಮ್ಮನಾಗುವ ಜಾಯಮಾನ ನನ್ನದಲ್ಲ. ಡಾಕ್ಟರಿಗೆ ತೋರಿಸುವುದನ್ನು ಬೇರೆ ಹಾಳೆಯಲ್ಲಿ ಬರೆಯುತ್ತೇನೆ, ಇದು ನನಗೇ ಇರಲಿ.

ಇವತ್ತು ಅಮ್ಮ ಎರಡು ಸಲ ಹಲ್ಲುಜ್ಜಿದಳು. ಎರಡನೇ ಸಲ ಉಜ್ಜುವಾಗ ಈಗಾಗಲೇ ಆಯಿತು ಎಂದು ತಿದ್ದಿದೆ. ನನ್ನನ್ನು ತನ್ನ ತಂಗಿ ಅಂದುಕೊಂಡು ಮಾತಾಡಿಸಿದಳು. ನಾನು ನಿನ್ನ ಮಗಳು ಎಂದು ತಿದ್ದಿದೆ. ಬುಧವಾರ ಎಂದಳು, ಸೋಮವಾರ ಎಂದು ತಿದ್ದಿದೆ. ಹದಿನೆಂಟು ವರ್ಷದಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದೇನೆ, ತಿದ್ದುವುದೇ ನನ್ನ ಕಸುಬು. ನಮ್ಮ ತರಬೇತಿ ಕಾರಿನಲ್ಲಿ ನನ್ನ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಎಡವಟ್ಟು ಮಾಡಿದರೆ ನಾನು ತುಳಿಯುತ್ತೇನೆ. ಮನೆಯಲ್ಲಿ ಆ ಸೌಲಭ್ಯ ಇಲ್ಲ. ಬಾಯಿಯಲ್ಲೇ ಆಗಬೇಕು.

ಅಮ್ಮ ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಲವತ್ತು ಹಾಸಿಗೆಯ ವಾರ್ಡು. ಅಷ್ಟು ವರ್ಷದಲ್ಲಿ ಒಬ್ಬರಿಗೂ ತಪ್ಪು ಮಾತ್ರೆ ಕೊಟ್ಟವಳಲ್ಲ, ಬೆಳಗಿನ ತಿಂಡಿ ಮರೆತರೂ ಅದನ್ನು ಮರೆತಿಲ್ಲ. ಅವಳ ಮಂಡಿನೋವಿಗೆ ಬರೆದುಕೊಟ್ಟ ಮಾತ್ರೆಗಳನ್ನು ನಾನೇ ತೆಗೆದುಕೊಡುತ್ತೇನೆ ಎಂದಿದ್ದಕ್ಕೆ ಸಿಡಿದೆದ್ದಳು.

"ನಲವತ್ತು ಜನಕ್ಕೆ ಕೊಟ್ಟೋಳು ಕಣೇ ನಾನು. ನನಗೆ ನೀನು ಮಾತ್ರೆ ಕೊಡ್ತೀಯಾ?"

ಜಗಳ ಯಾಕೆ ಎಂದು ಡಬ್ಬಿಯನ್ನು ಅವಳ ಮಂಚದ ಪಕ್ಕದಲ್ಲೇ ಇಟ್ಟೆ.

ಮನೆಯ ಮೂರನೇ ಸದಸ್ಯ ಉಂಡಾಡಿ. ಹನ್ನೆರಡು ವರ್ಷದ ನಾಯಿ, ಹದಿಮೂರು ಕಿಲೋ. ತಿನ್ನುವುದು, ಬಾಗಿಲಿಗೆ ಅಡ್ಡ ಮಲಗುವುದು, ಎರಡೇ ಕೆಲಸ. ಈಚೆಗೆ ಹಿಂಗಾಲು ಎಳೆಯುತ್ತಾನೆ. ಸಂಜೆ ಅಮ್ಮ ಮಂಡಿ ಹಿಡಿದುಕೊಂಡು ಏಳುವುದೂ ಅವನು ಸೊಂಟ ಎತ್ತಿ ಏಳುವುದೂ ಒಟ್ಟಿಗೇ ನಡೆಯಿತು, ಇಬ್ಬರೂ ಒಂದೇ ರಾಗದಲ್ಲಿ ನರಳಿದರು. ನನಗೆ ನಗು ತಡೆಯಲಾಗಲಿಲ್ಲ. "ಅಮ್ಮ, ಇವನೂ ನಿನ್ನ ಪೇಷೆಂಟೇ, ನೋಡ್ಕೋ" ಎಂದೆ.

ಅಮ್ಮ ನಗಲಿಲ್ಲ. ಬಗ್ಗಿ ಅವನ ಹಿಂಗಾಲನ್ನು ಮೇಲಿಂದ ಕೆಳಗೆ ಒತ್ತಿ ನೋಡಿ, "ಎಷ್ಟು ದಿನದಿಂದ ಇದೆಯಪ್ಪಾ?" ಎಂದು ಅವನನ್ನೇ ಕೇಳಿದಳು.

ಫೆಬ್ರವರಿ 7, ಶುಕ್ರವಾರ

ಗಣಿತದ ಮೇಷ್ಟ್ರಿಗೆ ಇವತ್ತು ಇಪ್ಪತ್ತೆರಡನೇ ಪಾಠ. ಐವತ್ತೆರಡು ವಯಸ್ಸು, ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ. ಎದುರಿಗೆ ಬಸ್ಸು ಕಂಡರೆ ಸಾಕು, ಸ್ಟೀರಿಂಗ್ ಬಿಟ್ಟು ಎರಡೂ ಕೈಯಿಂದ ಕನ್ನಡಕ ಹಿಡಿದುಕೊಳ್ಳುತ್ತಾರೆ. "ಅದು ಬರೋ ವೇಗ, ನಾವು ಹೋಗೋ ವೇಗ ಕೂಡಿಸಿದ್ರೆ ಭಯ ಆಗುತ್ತೆ ಮೇಡಂ" ಎಂದರು. ಕೂಡಿಸಬೇಡಿ ಸರ್, ಸುಮ್ಮನೆ ಎಡಕ್ಕೆ ಬನ್ನಿ ಎಂದೆ.

ಅಮ್ಮನ ಮಾತ್ರೆ ಖಾಲಿಯಾಗುತ್ತಿದೆ, ನೋವು ಮಾತ್ರ ಇದ್ದಲ್ಲೇ ಇದೆ. ಗೋಡೆ ಹಿಡಿದು ನಡೆಯುತ್ತಾಳೆ. ಮುಂದಿನ ಸಲ ಡಾಕ್ಟರಿಗೆ ಸರಿಯಾಗಿ ಹೇಳಬೇಕು, ಇದು ಎಂಥಾ ಮಾತ್ರೆ ಎಂದು.

ಉಂಡಾಡಿ ಮಾತ್ರ ಇವತ್ತು ಎರಡು ಮಹಡಿ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದ. ನನಗೆ ಆಶ್ಚರ್ಯ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಗುಣ ಕಾಣ್ತಿದೆ" ಎಂದಳು. ಅವಳ ಮುಖದಲ್ಲಿ ಅಂಥ ಕಳೆ ಕಂಡು ಎಷ್ಟೋ ತಿಂಗಳಾಗಿತ್ತು.

ಫೆಬ್ರವರಿ 11, ಮಂಗಳವಾರ

ಉಂಡಾಡಿ ಬೆಳಗಿನ ಊಟ ಹಾಗೇ ಬಿಟ್ಟ. ಹನ್ನೆರಡು ವರ್ಷದಲ್ಲಿ ತಟ್ಟೆಯನ್ನೂ ನೆಕ್ಕಿ ಸವೆಸಿದವನು. ಬೀದಿಯಲ್ಲಿ ಎಲ್ಲೋ ಬಾಯಿ ಹಾಕಿರಬೇಕು.

ಸಂಜೆ ನಾನು ಬರುವಷ್ಟರಲ್ಲಿ ಅಮ್ಮ ಬಾಗಿಲಲ್ಲೇ ಕಾದಿದ್ದಳು. "ಡಾಕ್ಟರಿಗೆ ಹೇಳ್ಬೇಕು" ಎಂದಳು.

"ಯಾವ ಡಾಕ್ಟರಿಗೆ? ನಿನ್ನನ್ನ ಮೊನ್ನೆ ತಾನೆ ತೋರಿಸ್ಕೊಂಡು ಬಂದ್ವಲ್ಲಮ್ಮ."

"ಡ್ಯೂಟಿ ಡಾಕ್ಟರಿಗೆ."

"ಅಮ್ಮ, ಇದು ಮನೆ. ಆಸ್ಪತ್ರೆ ಅಲ್ಲ. ನೀನು ರಿಟೈರ್ ಆಗಿ ಹದಿನಾರು ವರ್ಷ ಆಯ್ತು."

 ಅವಳು ಒಳಗೆ ಹೋಗಿ ಮಂಚದ ಮೇಲೆ ಕುಳಿತಳು. ಡಾಕ್ಟರ ಹಾಳೆಯಲ್ಲಿ ಬರೆದೆ: ಮನೆಯನ್ನು ಆಸ್ಪತ್ರೆ ಎಂದು ತಿಳಿದಿದ್ದಾರೆ.

ಫೆಬ್ರವರಿ 13, ಗುರುವಾರ

ಉಂಡಾಡಿ ಮೆಟ್ಟಿಲ ಮೇಲೆ ಹೊಲಸು ಮಾಡಿದ, ಕೀಲೆಣ್ಣೆಯ ಹಾಗೆ ಕಪ್ಪಗೆ. ಕೆಳಗಿನ ಮನೆಯವರ ಕೈಯಲ್ಲಿ ಅನ್ನಿಸಿಕೊಂಡು ತೊಳೆದೆ. ತೊಳೆಯುತ್ತ ಅವನನ್ನು ಬಾಯಿಗೆ ಬಂದಂತೆ ಬೈದೆ. ಎರಡು ದಿನದಲ್ಲಿ ಸರಿಹೋಗದಿದ್ದರೆ ಪ್ರಾಣಿಗಳ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಸಂಜೆ ಅಮ್ಮನಿಗೆ ಹೊಸ ಮಾತ್ರೆ ಸ್ಟ್ರಿಪ್ ತಂದೆ. ಸುಸ್ತು.

ಫೆಬ್ರವರಿ 14, ಶುಕ್ರವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಹನ್ನೊಂದಕ್ಕೆ ಮೇಷ್ಟ್ರ ಪಾಠ. ನಮ್ಮ ಬೀದಿಯಲ್ಲೇ ಹಾದು ಹೋಗುವುದರಿಂದ ಎರಡು ನಿಮಿಷ ಕಾರು ನಿಲ್ಲಿಸಿ, ಮೇಲೆ ಹೋಗಿ ಅಮ್ಮನನ್ನು ನೋಡಿ ಬರುವುದು ರೂಢಿ. ಇವತ್ತು ಬಾಗಿಲು ಸಲೀಸಾಗಿ ತೆರೆದುಕೊಂಡಿತು, ಅಡ್ಡ ಮಲಗುವವನೇ ಇರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಬೆನ್ನು ಬಗ್ಗಿಸಿಕೊಂಡು ನಿಂತಿದ್ದ. ಮುಂದೆ ವಾಂತಿ, ಅದರಲ್ಲಿ ಕಾಫಿಪುಡಿ ಬಣ್ಣದ ರಕ್ತ. ಅವನ ಹಾಸಿಗೆಯ ಮೇಲೆ ಅಮ್ಮನ ಮಂಡಿಮಾತ್ರೆಯ ಸ್ಟ್ರಿಪ್, ನಿನ್ನೆ ಸಂಜೆ ತಂದದ್ದು. ಹತ್ತರಲ್ಲಿ ನಾಲ್ಕು ಇಲ್ಲ.

"ಬೆಳಗ್ಗೆಯಿಂದ ಮೂರು ಸಲ ಆಯ್ತು" ಎಂದಳು ಅಮ್ಮ, ಹಿಂದಿನಿಂದ. "ಎರಡನೇದು ಹತ್ತೂಕಾಲಿಗೆ."

ಕಳ್ಳ, ಮಂಚದ ಪಕ್ಕದಿಂದ ಕದ್ದು ತಿಂದಿದ್ದಾನೆ ಎಂದುಕೊಂಡೆ. ಅಮ್ಮನದು ಎರಡು ಕಳೆದರೆ ಇವನ ಹೊಟ್ಟೆಯಲ್ಲಿ ಎರಡು. ಉಪ್ಪುನೀರು ಕುಡಿಸಿ ಕಕ್ಕಿಸಬೇಕು ಎಂದು ಲೋಟ ತೆಗೆದುಕೊಂಡೆ. ಉಪ್ಪಿನ ಡಬ್ಬಿ ತೆಗೆಯುವಾಗ ಏನೋ ಅನುಮಾನ ಬಂದು ಪ್ರಾಣಿಗಳ ಆಸ್ಪತ್ರೆಗೆ ಫೋನ್ ಮಾಡಿದೆ. ಅಲ್ಲಿನ ಡಾಕ್ಟರಮ್ಮ ಒಂದೇ ಉಸಿರಿಗೆ ಕೇಳಿದರು: ಯಾವ ಮಾತ್ರೆ, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು? ಯಾವಾಗ ಎನ್ನುವುದೊಂದು ಗೊತ್ತಿರಲಿಲ್ಲ.

"ಉಪ್ಪುನೀರು ಬೇಡ. ಹಾಲೂ ಬೇಡ, ಗಂಟಲಿಗೆ ಬೆರಳೂ ಹಾಕ್ಬೇಡಿ. ರಕ್ತ ಬರ್ತಿದೆ ಅಂದ್ರೆ ಕಕ್ಕಿಸೋ ಕಾಲ ದಾಟಿದೆ. ಸ್ಟ್ರಿಪ್ ತಗೊಳ್ಳಿ, ನೇರ ಇಲ್ಲಿಗೆ ಬನ್ನಿ. ಈಗಲೇ."

ಅವನನ್ನು ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಇಳಿದೆ. ಇವನನ್ನು ಹಿಡಿದುಕೊಳ್ಳಿ ಸರ್, ನಾನು ಓಡಿಸ್ತೀನಿ ಎಂದರೆ ಮೇಷ್ಟ್ರು ಕಾರಿನ ಬಾಗಿಲಿಗೇ ಅಂಟಿಕೊಂಡರು. ನಾಯಿ ಎಂದರೆ ಅವರಿಗೆ ಬಸ್ಸಿಗಿಂತ ಹೆಚ್ಚು ಭಯವಂತೆ. ನಾನು ಹಿಂದಿನ ಸೀಟಿನಲ್ಲಿ ಕುಳಿತೆ.

"ನೀವೇ ಓಡಿಸಿ. ನಡೀರಿ."

"ಮೇಡಂ, ಬ್ರೇಕ್ ಹಿಡಿಯೋಕೆ ನೀವು ಪಕ್ಕದಲ್ಲಿ ಇರಲ್ವಲ್ಲಾ!"

"ಇರಲ್ಲ ಸರ್. ನಡೀರಿ."

ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಬೋರ್ಡ್ ಹೊತ್ತ ಕಾರನ್ನು ಆ ಮನುಷ್ಯ ಮೂರು ವೃತ್ತ, ಒಂದು ಮೇಲ್ಸೇತುವೆ ದಾಟಿಸಿದರು. ಎದುರಿಗೆ ಎಷ್ಟು ಬಸ್ಸು ಬಂದವೋ, ಕನ್ನಡಕದ ಕಡೆ ಕೈ ಹೋಗಲಿಲ್ಲ. ನನ್ನ ತೊಡೆಯ ಮೇಲೆ ಉಂಡಾಡಿಯ ತಲೆ ಇತ್ತು. ಬಾಯಿ ತಣ್ಣಗಾಗಿತ್ತು. ನಾನು ಉದ್ದಕ್ಕೂ ಏನೇನೋ ಮಾತಾಡಿದೆ, ನಿನ್ನೆ ಬೈದದ್ದಕ್ಕೆ ತಪ್ಪಾಯ್ತು ಕಣೋ ಎಂದೂ ಹೇಳಿದೆ.

ಡ್ರಿಪ್ ಹಾಕಿದ್ದಾರೆ. ಹೊಟ್ಟೆಯ ಹುಣ್ಣಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ. ಕಿಡ್ನಿ ಹೇಗಿದೆ ಎಂದು ರಕ್ತಪರೀಕ್ಷೆ ಮಾಡುತ್ತಾರೆ. ಎರಡು ಮೂರು ದಿನ ಅಲ್ಲೇ ಇರಬೇಕು. ಮಾತ್ರೆಯನ್ನು ಅವನ ಬಾಯಿಗೆಟಕುವ ಎತ್ತರದಲ್ಲಿ ಇಟ್ಟವಳು ನಾನೇ ತಾನೆ.

ಫೆಬ್ರವರಿ 15, ಶನಿವಾರ

ಬೋನಿನಲ್ಲಿ ಮಲಗಿದ್ದ. ಮುಂಗಾಲಿಗೆ ಡ್ರಿಪ್ಪಿನ ಪಟ್ಟಿ. ನನ್ನನ್ನು ಕಂಡು ಕಿವಿ ಮಾತ್ರ ಎತ್ತಿದ.

ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಮಾತು ನೇರ. "ನಿನ್ನೆ ತಿಂದ ಎರಡು ಮಾತ್ರೆಗೆ ಹೀಗಾಗಲ್ಲ. ಒಳಗೆಲ್ಲಾ ಹುಣ್ಣಾಗಿದೆ, ಕಿಡ್ನಿ ಸೋತಿದೆ. ಇದು ಹತ್ತು ಹನ್ನೆರಡು ದಿನದ್ದು. ಮನೇಲಿ ಯಾರಾದ್ರೂ ಇವನಿಗೆ ಮಾತ್ರೆ ಕೊಡ್ತಾ ಇದ್ರಾ? ಎಷ್ಟೋ ಜನ ಕುಂಟೋ ನಾಯಿಗೆ ತಮ್ಮ ನೋವಿನ ಮಾತ್ರೆ ಅರ್ಧ ಮುರಿದು ಕೊಡ್ತಾರೆ. ನಮಗೆ ಒಗ್ಗೋದು ಇವಕ್ಕೆ ಒಗ್ಗಲ್ಲ."

ನನಗೆ ಸಿಟ್ಟು ಬಂತು. "ಮನೇಲಿರೋದು ನಾನು, ನಮ್ಮಮ್ಮ ಇಬ್ಬರೇ. ನಮ್ಮಮ್ಮ ಮೂವತ್ತೊಂದು ವರ್ಷ ನರ್ಸ್ ಆಗಿದ್ದೋರು" ಎಂದೆ. ಎದೆಯುಬ್ಬಿಸಿಕೊಂಡೇ ಹೇಳಿದೆ.

ಅವರು ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದರು. ಒಂದೂ ಹಲ್ಲಿನ ಗುರುತಿರಲಿಲ್ಲ. ನಾಲ್ಕು ಗುಳಿಯನ್ನೂ ಬೆರಳಿನಿಂದ ಒತ್ತಿ, ಹಿಂದಿನ ಹಾಳೆ ಅಂದವಾಗಿ ಬಿಡಿಸಿ ತೆಗೆದಿದ್ದರು.

ಫೆಬ್ರವರಿ 16, ಭಾನುವಾರ

ಅಮ್ಮನ ಹಾಸಿಗೆಯ ಬಟ್ಟೆ ಬದಲಾಯಿಸುವಾಗ ದಿಂಬಿನ ಕೆಳಗೆ ಒಂದು ನೋಟ್‌ಬುಕ್ ಸಿಕ್ಕಿತು. ಗೀಟೆಳೆದ ಹಾಳೆ, ಅಡ್ಡಡ್ಡ ಖಾನೆ, ಅಮ್ಮನ ದುಂಡಗಿನ ಅಕ್ಷರ. ತಾರೀಖೆಲ್ಲ ಸರಿಯಿತ್ತು, ವರ್ಷ ಮಾತ್ರ ಮೂವತ್ತು ವರ್ಷ ಹಿಂದಿನದು. ಎದೆ ಕಲ್ಲು ಮಾಡಿಕೊಂಡು ಇಲ್ಲಿ ಕಾಪಿ ಮಾಡುತ್ತಿದ್ದೇನೆ.

"3. ಹಾಸಿಗೆ 1: ಹೆಂಗಸು, ಎಪ್ಪತ್ನಾಲ್ಕು, ಮಂಡಿನೋವು. ಹಾಸಿಗೆ 2: ಗಂಡಸು, ವಯಸ್ಸಾಗಿದೆ, ಸೊಂಟನೋವು, ಕುಂಟುತ್ತಾನೆ. ಮಾತಾಡುವುದಿಲ್ಲ. ಅರ್ಧ ಮಾತ್ರೆ ಕೊಟ್ಟಿದೆ, ಬ್ರೆಡ್ಡಿನ ಜೊತೆ."

"7. ಹಾಸಿಗೆ 2: ಮೆಟ್ಟಿಲು ಹತ್ತಿದ. ನಗುಮುಖ. ಮಾತ್ರೆ ಮುಂದುವರಿಸುವುದು. ಹಾಸಿಗೆ 1: ತಡೆದುಕೊಳ್ಳಬಲ್ಲಳು. ಅವಳ ಮಾತ್ರೆ ಹಾಸಿಗೆ 2ಕ್ಕೆ ಕೊಟ್ಟಿದೆ."

"11. ಹಾಸಿಗೆ 2: ಊಟ ಬೇಡವೆಂದ. ಡಾಕ್ಟರಿಗೆ ತಿಳಿಸಬೇಕು. ಆಫೀಸಿನ ಹೆಂಗಸಿಗೆ ಹೇಳಿದೆ, ಕೇಳಿಸಿಕೊಳ್ಳಲಿಲ್ಲ."

"13. ಹಾಸಿಗೆ 2: ಮಲ ಕಪ್ಪು. ಡಾಕ್ಟರು ಇನ್ನೂ ಬಂದಿಲ್ಲ. ರೋಗಿ ನರಳುತ್ತಾನೆ, ನೋಡಲಾಗುವುದಿಲ್ಲ. ಎರಡು ಮಾತ್ರೆ."

"14. ಬೆಳಿಗ್ಗೆ ಎರಡು ಮಾತ್ರೆ. ವಾಂತಿ 9.30, 10.15, 10.50. ಡಾಕ್ಟರು ಬಂದಿಲ್ಲ."

'ಬಂದಿಲ್ಲ' ಎನ್ನುವುದರ ಕೆಳಗೆ ಎರಡು ಸಲ ಗೆರೆ ಎಳೆದಿದ್ದಾಳೆ.

ಆಫೀಸಿನ ಹೆಂಗಸು ನಾನು. ಅವಳು ಎಲ್ಲವನ್ನೂ ನೋಡಿದ್ದಳು, ಹೊತ್ತಿಗೆ ಸರಿಯಾಗಿ ಬರೆದಿದ್ದಳು, ಬಂದು ಹೇಳಿಯೂ ಇದ್ದಳು. ತನ್ನ ಮಂಡಿಯನ್ನು ಹಿಡಿದುಕೊಂಡು, ತನ್ನ ಪಾಲಿನ ಮಾತ್ರೆಯನ್ನು ಅವನಿಗೆ ಕೊಟ್ಟಿದ್ದಳು. ನೋಡ್ಕೋ ಎಂದು ಅವನನ್ನು ಅವಳಿಗೆ ಒಪ್ಪಿಸಿದ್ದು ನಾನು. ಅವಳಿಗೆ ಅದು ತಮಾಷೆ ಎಂದು ಹೇಗೆ ತಿಳಿಯಬೇಕು?

ಆದರೂ ಹೇಳಲೇಬೇಕು ಎಂದುಕೊಂಡೆ. ಹೇಳದಿದ್ದರೆ ಇನ್ನೊಂದು ದಿನ ಇನ್ನೊಬ್ಬರಿಗೆ ಕೊಡುತ್ತಾಳೆ. ನೋಟ್‌ಬುಕ್ ಹಿಡಿದುಕೊಂಡು ಅವಳ ಹತ್ತಿರ ಹೋದೆ. ಕಿಟಕಿಯ ಹತ್ತಿರ ಕುಳಿತು ಬಟ್ಟೆ ಮಡಿಸುತ್ತಿದ್ದಳು.

"ಎರಡನೇ ಹಾಸಿಗೆಯವನು ಎಲ್ಲಿ?" ಎಂದಳು ನನ್ನನ್ನು ಕಂಡು. "ಬೆಳಗ್ಗೆ ಹೋಗಿ ನೋಡಿದ್ರೆ ಇರಲಿಲ್ಲ."

ಬಾಯಿ ತೆರೆದೆ. "ದೊಡ್ಡ ವಾರ್ಡಿಗೆ ಕಳಿಸಿದಾರಮ್ಮ" ಎಂದು ಬಂತು.

"ದೊಡ್ಡ ಡಾಕ್ಟರು ನೋಡ್ತಾರಾ?"

"ಅವರೇ ನೋಡ್ತಿದಾರೆ."

"ಸದ್ಯ" ಎಂದು ಮತ್ತೆ ಬಟ್ಟೆ ಮಡಿಸಲು ತೊಡಗಿದಳು. ಯಾಕೆ ಹಾಗೆ ಹೇಳಿದೆನೋ. ನಾಳೆ ಸರಿಯಾಗಿ ಹೇಳುತ್ತೇನೆ.

ಫೆಬ್ರವರಿ 17, ಸೋಮವಾರ

ಡಾಕ್ಟರಮ್ಮನಿಗೆ ನೋಟ್‌ಬುಕ್ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಮೊದಲಿನಿಂದ ಕೊನೆಯವರೆಗೆ ಓದಿ, "ಇಷ್ಟು ಚೆನ್ನಾಗಿ ಯಾರೂ ಬರೆದುಕೊಂಡು ಬರಲ್ಲ" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಕಿಡ್ನಿಯ ಅಂಕಿ ಮೊನ್ನೆಗಿಂತ ಮೇಲೆ ಹೋಗಿದೆ, ಅದು ಕೆಳಗೆ ಬರಬೇಕಿತ್ತು. ಮೊದಲ ದಿನವೇ, ಊಟ ಬಿಟ್ಟಾಗಲೇ ತಂದಿದ್ದರೆ ಉಳಿಸಿಕೊಳ್ಳಬಹುದಿತ್ತೇ ಎಂದು ಕೇಳಿದೆ. ಬಹುಶಃ ಎಂದರು. ಸುಳ್ಳು ಹೇಳಬಹುದಿತ್ತಲ್ಲ ಅವರೂ.

ಅಮ್ಮನ ಮಾತ್ರೆ ಡಬ್ಬಿ ಈಗ ನನ್ನ ಬೀಗ ಹಾಕಿದ ಬೀರುವಿನಲ್ಲಿದೆ. ಹುಡುಕಾಡಿದಳು. ಸ್ಟಾಕ್ ಬಂದಿಲ್ಲವಂತೆ, ಇವತ್ತಿಗೆ ಒಂದೇ ಕೊಟ್ಟಿದ್ದಾರೆ ಎಂದು ಅವಳ ಕೈಗೊಂದು ಕೊಟ್ಟೆ. "ಈ ಸ್ಟೋರಿನವರ ಹಣೆಬರಹವೇ ಇಷ್ಟು" ಎಂದು ಬೈದುಕೊಂಡು ನುಂಗಿದಳು. ಅರ್ಧ ಗಂಟೆಯಲ್ಲಿ ಮಂಡಿನೋವು ಕಡಿಮೆಯಾಯಿತು. ಮಾತ್ರೆ ಒಳ್ಳೆಯದೇ.

ಹೇಳುವುದು ನಾಳೆಗೆ.

ಫೆಬ್ರವರಿ 19, ಬುಧವಾರ

ನೀರು ಕುಡಿದ! ಬಾಲ ಒಂದು ಸಲ ಆಡಿಸಿದ. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಇಟ್ಟುಕೊಂಡಿದ್ದೇನೆ.

ಫೆಬ್ರವರಿ 22, ಶನಿವಾರ

ನಿನ್ನೆ ಅವನನ್ನು ಮನೆಗೆ ತಂದೆ. ಗುಣವಾಗಿ ಅಲ್ಲ. ಇನ್ನು ಡ್ರಿಪ್ಪಿನಿಂದ ಆಗುವುದೇನೂ ಉಳಿದಿಲ್ಲ, ಎರಡು ದಿನ ನಿಮ್ಮ ಹತ್ತಿರ ಇರಲಿ, ನರಳಾಟ ಶುರುವಾದರೆ ಕರೆದುಕೊಂಡು ಬನ್ನಿ, ನಾನು ನಿದ್ದೆಯ ಇಂಜೆಕ್ಷನ್ ಕೊಡುತ್ತೇನೆ ಎಂದರು.

ಅಮ್ಮನನ್ನು ನೋಡಬೇಕಿತ್ತು. ಮಂಡಿ ಮಡಚಿ ನೆಲದ ಮೇಲೆ ಕುಳಿತೇಬಿಟ್ಟಳು. ಅವನ ತುಟಿ ಎತ್ತಿ ಒಸಡು ಒತ್ತಿ ನೋಡಿದಳು. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುತ್ತಾಳೆ, ಬೆನ್ನಿಗೆ ಹುಣ್ಣಾಗಬಾರದಂತೆ. ಚಮಚದಲ್ಲಿ ನೀರನ್ನು ತೊಟ್ಟುತೊಟ್ಟಾಗಿ ಕೆನ್ನೆಯ ಒಳಗೆ ಬಿಡುತ್ತಾಳೆ, ಒಂದು ಹನಿ ಹೊರಗೆ ಚೆಲ್ಲುವುದಿಲ್ಲ. ನಾನು ಕುಡಿಸಿದರೆ ಅರ್ಧ ನೆಲದ ಪಾಲು. ಹಲ್ಲುಜ್ಜಿದ್ದು ನೆನಪಿಲ್ಲದವಳಿಗೆ ಎರಡು ಗಂಟೆಯಾಯಿತು ಎನ್ನುವುದು ಹೇಗೆ ತಿಳಿಯುತ್ತದೆಯೋ.

"ನೋವಿಗೆ ಏನಾದ್ರೂ ಕೊಟ್ಟಿದಾರಾ?" ಎಂದಳು.

"ಇಂಜೆಕ್ಷನ್ ಕೊಟ್ಟಿದಾರಮ್ಮ. ಮತ್ತೆ ಏನೂ ಕೊಡಬಾರದಂತೆ."

"ಬರೆದಿದಾರಾ?"

ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ: ಹಾಸಿಗೆ 2, ಬಾಯಿಂದ ಯಾವ ಮಾತ್ರೆಯೂ ಇಲ್ಲ. ಅಮ್ಮ ಎದ್ದು ಹೋಗಿ ಓದಿ, ಸರಿ ಎಂದಳು. ಇಷ್ಟೇ ಸಾಕಾಗಿತ್ತಲ್ಲ. ಒಂದು ಚೀಟಿ.

ಡಾಕ್ಟರ ಹಾಳೆ ಬರೆಯದೆ ವಾರವಾಯಿತು.

ಫೆಬ್ರವರಿ 24, ಸೋಮವಾರ

ಮಧ್ಯಾಹ್ನ ಮೂರೂವರೆ. ಹೆಚ್ಚು ಬರೆಯಲಾರೆ.

ಫೆಬ್ರವರಿ 25, ಮಂಗಳವಾರ

ನಿನ್ನೆ ಬೆಳಿಗ್ಗೆಯಿಂದ ಉಸಿರಿಗೊಮ್ಮೆ ನರಳುತ್ತಿದ್ದ. ಅಮ್ಮ ಹತ್ತಿರ ಕುಳಿತವಳು ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು. ನಾನು ಮೇಷ್ಟ್ರಿಗೆ ಫೋನ್ ಮಾಡಿ ಇವತ್ತು ಪಾಠ ಇಲ್ಲ ಎಂದೆ. ಅವರು ಆಟೊ ಹಿಡಿದು ಬಂದೇಬಿಟ್ಟರು. "ನೀವು ಹಿಂದೆ ಕೂತ್ಕೊಳ್ಳಿ" ಎಂದು ಕೀಲಿ ತೆಗೆದುಕೊಂಡರು.

ಆಸ್ಪತ್ರೆಯ ಮೇಜಿನ ಮೇಲೆ ಮಲಗಿಸಿದಾಗ ಅವನ ತಲೆ ನನ್ನ ಅಂಗೈಯಲ್ಲಿತ್ತು. ನಾಯಿ ಕಂಡರೆ ಗೋಡೆ ಹತ್ತುವ ಮೇಷ್ಟ್ರು ಒಳಗೆ ಬಂದು ನಿಂತು, ಎರಡು ಬೆರಳಿನಿಂದ ಅವನ ಬಾಲದ ತುದಿ ಮುಟ್ಟಿದರು. ಡಾಕ್ಟರಮ್ಮ ಕೇಳಿದರು, ನಾನು ಹೂಂ ಎಂದೆ. ಹೂಂ ಎನ್ನುವುದು ಅಷ್ಟು ಭಾರವಾದ ಮಾತು ಎಂದು ಗೊತ್ತಿರಲಿಲ್ಲ. ಅಂಗೈಯಲ್ಲಿ ತಲೆ ಸ್ವಲ್ಪ ತೂಕವಾಯಿತು. ಅಷ್ಟೇ.

ಮನೆಗೆ ಬರುವ ದಾರಿಯಲ್ಲಿ ಅಮ್ಮನಿಗೆ ಹೇಳುವ ಸುಳ್ಳನ್ನು ಜೋಡಿಸಿಕೊಂಡೆ. ಗುಣವಾಗಿ ಊರಿಗೆ ಹೋದ, ಮಗ ಬಂದು ಕರೆದುಕೊಂಡು ಹೋದ. ಬಾಗಿಲು ತೆಗೆದರೆ ಅಮ್ಮ ಅವನ ಹಾಸಿಗೆಯ ಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೆಟ್ಟಗೆ ಕುಳಿತಿದ್ದಳು.

"ಹೋದ್ನಾ?" ಎಂದಳು.

ಜೋಡಿಸಿಕೊಂಡ ಸುಳ್ಳು ಹೇಳಲಿಲ್ಲ. "ಹೋದ" ಎಂದೆ.

"ಏನಾಗಿತ್ತು?"

"ಅವನಿಗೆ ಕೊಡಬಾರದ ಮಾತ್ರೆ ಕೊಟ್ಟಿದ್ರು."

ಅಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ಹುಬ್ಬು ಗಂಟಿಕ್ಕಿತು. ಕಣ್ಣು ಮಂಚದ ಕಡೆಗೆ ಹೋಯಿತು, ಗೋಡೆಯ ಚೀಟಿಯ ಕಡೆಗೆ ಹೋಯಿತು, ತನ್ನ ಕೈಯ ಕಡೆಗೆ ಬಂತು. ಏನನ್ನೋ ಹುಡುಕುತ್ತಿದ್ದಳು. ಇನ್ನೊಂದು ಕ್ಷಣ ಬಿಟ್ಟರೆ ಸಿಕ್ಕಿಬಿಡುತ್ತದೆ ಎನ್ನಿಸಿತು.

"ಯಾರು ಕೊಟ್ಟಿದ್ದು? ಯಾರದಿತ್ತು ಡ್ಯೂಟಿ?"

"ನಂದು" ಎಂದೆ.

ಅವಳ ಕಣ್ಣು ನನ್ನ ಮುಖದ ಮೇಲೆ ನಿಂತಿತು.

"ಹೊಸಬಳಾ ನೀನು?"

"ಹೂಂ ಸಿಸ್ಟರ್."

"ಬಾ ಇಲ್ಲಿ."

ಹೋದೆ. ಕುರ್ಚಿಯಲ್ಲಿ ನನ್ನನ್ನು ಕೂರಿಸಿ ತಾನು ನಿಂತಳು. ಅಂಗೈಯಿಂದ ನನ್ನ ಕೆನ್ನೆ ಒರೆಸಿದಳು, ಮೊದಲು ಒಂದು, ಆಮೇಲೆ ಇನ್ನೊಂದು. ನಾನು ಅಳುತ್ತಿದ್ದೇನೆ ಎಂದು ಆಗಲೇ ತಿಳಿದದ್ದು.

"ಬೇಕೂಂತ ಕೊಟ್ಟೆಯಾ?"

"ಇಲ್ಲ."

"ನೋವು ಕಡಿಮೆ ಆಗ್ಲಿ ಅಂತ ತಾನೆ ಕೊಟ್ಟಿದ್ದು?"

"ನೋವು ಕಡಿಮೆ ಆಗ್ಲಿ ಅಂತಾನೇ. ಬೇರೆ ಏನೂ ಇರಲಿಲ್ಲ ಸಿಸ್ಟರ್. ನಿಜವಾಗ್ಲೂ ಇರಲಿಲ್ಲ."

"ಹಾಗಾದ್ರೆ ಅತ್ತುಬಿಡು. ಅತ್ತು ಮುಖ ತೊಳ್ಕೊ. ಆಗಿದ್ದನ್ನ ಆದ ಹಾಗೇ ಬರೆದಿಡು. ಆಮೇಲೆ ಏನಾದ್ರೂ ತಿನ್ನು, ಖಾಲಿ ಹೊಟ್ಟೆಯಲ್ಲಿ ಇರ್ಬೇಡ."

ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಕೂದಲಲ್ಲಿ ಬೆರಳಾಡಿಸಿದಳು. ನಾನು ಎಷ್ಟು ವರ್ಷದ ಅಳು ಅತ್ತೆನೋ, ಅವಳು ಕಾಲು ಬದಲಾಯಿಸದೆ ಹಾಗೇ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ ಮೆಲ್ಲಗೆ ಕೇಳಿದಳು.

"ನಿಮ್ಮಮ್ಮಂಗೆ ಗೊತ್ತಾ ಇದು?"

"ಇಲ್ಲ. ಹೇಳಿಲ್ಲ."

"ಹೇಳ್ಬೇಡ ಬಿಡು" ಎಂದಳು. "ಪಾಪ, ಸಂಕಟಪಡ್ತಾಳೆ."

ಆಯ್ತು ಸಿಸ್ಟರ್ ಎಂದೆ.